ಗೋಡೆಗೆ ಹಾಕಿದ ಹೊಲಿಗೆ

ನನ್ನ ತಮ್ಮ ದರ್ಜಿ. ಜನ ಸಿದ್ಧ ಉಡುಪಿಗೆ ಮುಗಿಬಿದ್ದ ಮೇಲೆ ಅಂಗಡಿ ಮುಚ್ಚಿದ. ಅವನ ಹೆಂಡತಿಗೆ ಮೊಣಕಾಲು ಪೂರ್ತಿ ಸೋತಿತ್ತು. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಂಗಡಿಯೋ ಸ್ವಂತದ್ದು, ಅದೇ ಕಟ್ಟಡದ ಕೆಳಗೆ ರಸ್ತೆ ಮಟ್ಟದಲ್ಲೇ ಇತ್ತು. ಅದನ್ನೇ ಮನೆ ಮಾಡಿಕೊಂಡರೆ ಇವಳಿಗೆ ಮೆಟ್ಟಿಲಿನ ಕಾಟ ತಪ್ಪುತ್ತದೆ ಎಂದು ಹೊರಟ.

ನಗರಸಭೆ ಕಚೇರಿಯವರು ಅಡ್ಡ ನಿಂತರು. ನಮ್ಮದು ಚಳಿ ಊರು; ಕಾನೂನಿನ ಪ್ರಕಾರ ಅಂಗಡಿ ಮನೆಯಾಗಬೇಕಾದರೆ ಒಳಗಿನ ಬಿಸಿ ಹೊರಗೆ ಸೋರಬಾರದು, ಹೊರಗಿನ ಚಳಿಗಾಳಿ ಒಳಗೆ ನುಗ್ಗಬಾರದು, ಕರೆಂಟು ಪೋಲಾಗಬಾರದು. ಪರೀಕ್ಷೆ ಪಾಸಾಗುವ ತನಕ ಅಲ್ಲಿ ವಾಸಕ್ಕೆ ಇರುವ ಹಾಗಿಲ್ಲ.

"ಇಷ್ಟು ವರ್ಷ ಗಿರಾಕಿಗಳು ಅಲ್ಲೇ ಅಂಗಿ ಬಿಚ್ಚಿ ಅಳತೆ ಕೊಟ್ರಲ್ಲ ಅಕ್ಕ, ಒಬ್ಬನಿಗಾದ್ರೂ ನೆಗಡಿ ಆಯ್ತಾ?" ಎಂದು ನನ್ನ ಮೇಲೆ ರೇಗಿದ, ಕಾನೂನು ಮಾಡಿದವಳು ನಾನೇ ಎಂಬಂತೆ.

ರೇಗುತ್ತಲೇ ಎಲ್ಲ ಮಾಡಿಸಿದ. ಮುಂದಿನ ದೊಡ್ಡ ಗಾಜು ತೆಗೆಸಿ ಎರಡು ಪದರದ ಗಾಜು ಹಾಕಿಸಿದ. ಗೋಡೆಗೆ ಹತ್ತಿಯಂಥ ದಪ್ಪ ಹಾಸು, ಅದರ ಮೇಲೆ ಗಾಳಿ ತಡೆಯುವ ಬೆಳ್ಳಿ ಬಣ್ಣದ ಹಾಳೆ. ಹಾಳೆಗಳ ಸಂದು ಮುಚ್ಚಲು ಬಡಗಿ ಅಂಟುಪಟ್ಟಿಯ ಸುರುಳಿ ತಂದಿಟ್ಟು ಹೋದ. ನನ್ನ ತಮ್ಮ ಅದನ್ನು ಮೂಸಿ ನೋಡಿ ಮೂಲೆಗೆ ಎಸೆದ.

"ಅಂಟು ನಂಬೋದಾ? ಎರಡು ಒಗೆತಕ್ಕೆ ಕಿತ್ಕೊಂಡು ಬರತ್ತೆ."

"ಗೋಡೆನ ಯಾರ್ರೀ ಒಗೀತಾರೆ?" ಎಂದಳು ಹೆಂಡತಿ.

ಕೇಳಿದರೆ ತಾನೆ? ಹಾಸಿಗೆ ಹೊಲಿಯುವ ಬಾಗು ಸೂಜಿ ತೆಗೆದು, ಕೋಟಿಗೆ ಲೈನಿಂಗ್ ಕೂಡಿಸುವ ಹಾಗೆ, ಹಾಳೆಗೆ ಹಾಳೆ ಕೂಡಿಸಿ ಕೈಯಲ್ಲೇ ಹೊಲಿದ. ಎಂಥ ಹೊಲಿಗೆ! ನಾನೇ ಸವರಿ ಸವರಿ ನೋಡಿದೆ. ಇರುವೆ ಸಾಲು ನಡೆದ ಹಾಗಿತ್ತು.

ಹಾಳೆಯ ಮೇಲೆ ಹಲಗೆ ಹೊಡೆದು ಮುಚ್ಚುವ ಮುಂಚೆ ಪರೀಕ್ಷೆ. ಆ ದಿನ ಹೆಂಡತಿ ನೋಡಲೇಬೇಕೆಂದು ಹಟ ಹಿಡಿದು, ಕಂಬಿ ಹಿಡಿದು, ನನ್ನ ಹೆಗಲು ಹಿಡಿದು ಇಳಿದು ಬಂದಳು. ಕಚೇರಿಯ ಹುಡುಗಿ ಬಾಗಿಲಿಗೆ ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನು ಕೂಡಿಸಿ ಒಳಗಿನ ಗಾಳಿಯನ್ನು ಹೊರಗೆಳೆದಳು. ಒಂದು ಕೊಳವೆಯಿಂದ ಎಳೆಯಂಥ ಹೊಗೆ ಬಿಡುತ್ತ ಗೋಡೆಯುದ್ದಕ್ಕೂ ನಡೆದಳು. ಹೊಲಿಗೆ ಇದ್ದಲ್ಲೆಲ್ಲ ಹೊಗೆ ಬೆಚ್ಚಿ ಈಚೆಗೆ ಹಾರಿತು.

"ಸರ್, ಇಲ್ಲಿ ತೂತು ಮಾಡಿದ್ದು ಯಾರು?"

"ತೂತಲ್ಲಮ್ಮ, ಹೊಲಿಗೆ!"

"ಸೂಜಿ ಹೋದ ಕಡೆಯೆಲ್ಲ ಗಾಳಿ ಬರ್ತಿದೆ. ಕೈ ಇಟ್ಟು ನೋಡಿ."

ಇಟ್ಟ. ಮುಖ ಸಣ್ಣದಾಯಿತು. ತೂತಿಲ್ಲದೆ ಹೊಲಿಗೆ ಹೇಗೆ ಹಾಕುವುದು ಎಂದು ಗೊಣಗಿದ. ಹುಡುಗಿಗೆ ನಗು ಬಂದರೂ ತಡೆದುಕೊಂಡಳು. ಆದರೆ ಪಾಸು ಮಾಡಲಿಲ್ಲ.

ಹೆಂಡತಿ ಮತ್ತೆ ಮೂರು ಮಹಡಿ ಹತ್ತಬೇಕಾಯಿತು. ನಡುವೆ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ನೋಡ್ರೀ, ಇನ್ನೊಂದೇ ಸಲ ಇಳಿಯೋದು ನಾನು. ಪಾಸಾದ್ರೆ ಕರೀರಿ, ಇಲ್ದಿದ್ರೆ ಕರೀಬೇಡಿ." ಅವನು ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

ಆಮೇಲೆ ಆ ಸುರುಳಿ ಹುಡುಕಿದ. ತಾನೇ ಹಾಕಿದ ಹೊಲಿಗೆಯ ಮೇಲೆ ತಾನೇ ಅಂಟಿಸಿದ. ಒಂದೊಂದು ಸಂದು ಮುಚ್ಚುವಾಗಲೂ ಕಾನೂನಿಗೊಂದು ಬೈಗುಳ. ನಾನು ಪಟ್ಟಿ ಕತ್ತರಿಸಿ ಕೊಡುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

ಎರಡನೇ ಸಲ ಹೊಗೆ ಅಲುಗಾಡಲಿಲ್ಲ. ಹುಡುಗಿ "ಆಯ್ತು ಸರ್" ಎಂದಳು. ಇವನಿಗೆ ಸಂತೋಷವೇನೂ ಕಾಣಲಿಲ್ಲ.

"ಜೀವಮಾನದಲ್ಲೇ ಇಂಥ ಕೈಹೊಲಿಗೆ ಹಾಕಿರ್ಲಿಲ್ಲ ಅಕ್ಕ. ಯಾರ ಕಣ್ಣಿಗೂ ಬೀಳಲ್ಲ ಇನ್ನು."

"ಹೋಗಿ ಅವಳನ್ನ ಕರ್ಕೊಂಡು ಬಾ ಮೊದ್ಲು," ಎಂದೆ.

ಅವಳು ಇಳಿದು ಬಂದವಳೇ, ಅಳತೆ ತೆಗೆಯುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಮೇಲಿನ ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲ ಇಳಿಸಿದವನು ಅವನೇ. ಅಷ್ಟೂ ಮೆಟ್ಟಿಲಿಗೆ ಅವನ ಗೊಣಗಾಟ ಕೆಳಗಿನವರೆಗೆ ಕೇಳಿಸುತ್ತಿತ್ತು. ನಾನೂ ಅವಳೂ ಒಳಗಿನಿಂದ ಬಾಗಿಲು ಮುಚ್ಚಿದೆವು. ಆಮೇಲೆ ಕೇಳಿಸಲಿಲ್ಲ.