ಸಾವಿನ ಹಾಳೆ ಅಳಿಸಿದ ನೆವ್ಯಾನಾ

ನೆವ್ಯಾನಾಳ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಬೈಯುತ್ತೇನೆ, ಆಮೇಲೆ ಬೇರೆ ಮಾತು. ಊರಿನ ಫೋರಂನಲ್ಲಿ ನಾನು ಬರೆದದ್ದನ್ನು ಅವಳು ಮೂರು ಸಲ ತೆಗೆದುಹಾಕಿದ್ದಾಳೆ. ಬಸ್ ನಿಲ್ದಾಣದ ಅಂಗಡಿಯ ಬಾನಿತ್ಸಾದಲ್ಲಿ ಚೀಸೇ ಇರಲ್ಲ, ಬರೀ ಹಿಟ್ಟು ಅಂತ ಬರೆದಿದ್ದೆ. ಅದರಲ್ಲಿ ಸುಳ್ಳೇನು? "ಒಬ್ಬರ ಹೊಟ್ಟೆಪಾಡಿನ ಮೇಲೆ ಹೆಸರು ಹಿಡಿದು ಬರೀಬಾರದು ದೊಬ್ರಿಂಕಾ, ನಿಯಮ ಇದೆ" ಅಂದಳು. ನಲವತ್ತು ವರ್ಷದ ಗೆಳತಿ ಅನ್ನುವ ದಾಕ್ಷಿಣ್ಯವೂ ಇಲ್ಲ ಈ ಹೆಂಗಸಿಗೆ.

ಹೋಗಲಿ, ದಾಕ್ಷಿಣ್ಯ ಅಂತ ಯಾರಿಗೂ ತೋರಿಸಿದವಳಲ್ಲ. ಮನೆಯಲ್ಲಿ ಬಟ್ಟಿ ಇಳಿಸಿದ ರಾಕಿಯಾ ಮಾರಾಟಕ್ಕಿದೆ ಅಂತ ಹಾಕಿದ್ದಕ್ಕೆ ಸ್ವಂತ ಭಾವನನ್ನೇ ಒಂದು ತಿಂಗಳು ಫೋರಂನಿಂದ ಆಚೆ ಇಟ್ಟಳು. ಆ ವರ್ಷ ಭಾವ ಈಸ್ಟರ್ ಊಟಕ್ಕೆ ಕರೆಯಲಿಲ್ಲ. ಇವಳು ಒಬ್ಬಳೇ ಕೂತು ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆ ಸುಲಿದು ತಿಂದಳು.

ನಮ್ಮ ಫೋರಂ ಅಂದರೆ ಏಳು ಸಾವಿರ ಜನ ಮೊಬೈಲಿನಲ್ಲೇ ಕೂತು ಹರಟುವ ಕಟ್ಟೆ. ನೀರು ಎಷ್ಟು ಹೊತ್ತಿಗೆ ನಿಲ್ಲುತ್ತೆ, ಯಾರ ಬೆಕ್ಕು ಕಳೆದಿದೆ, ಯಾರ ಹುಂಜ ಯಾರ ನಿದ್ದೆ ಕೆಡಿಸಿದೆ, ಇಂಥದ್ದೇ. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ನೋಡುವ ಮಾಡರೇಟರ್ ಅವಳು. ಸಂಬಳವಿಲ್ಲ, ಬೈಗುಳ ಮಾತ್ರ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು, ಕಮ್ಯುನಿಸ್ಟರ ಕಾಲದಲ್ಲಿ. "ಆಗ ಮೇಲಿನವರು ಲೈನ್ ಕಟ್ ಮಾಡು ಅಂದ್ರೆ ಮಾಡ್ತಿದ್ದೆ. ಈಗ ಎಲ್ಲರಿಗೂ ಒಂದೇ ನಿಯಮ, ಅದೂ ಬರೆದಿಟ್ಟ ನಿಯಮ. ಅಷ್ಟಾದ್ರೂ ಆಯ್ತಲ್ಲ" ಅಂತಿದ್ದಳು. ಆ ಮಾತು ನಿಜವೇ. ಅದಕ್ಕೇ ಅವಳನ್ನು ಬೈದರೂ ಯಾರೂ ಬದಲಾಯಿಸಲಿಲ್ಲ.

ನನ್ನದು ಚೌಕದಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸಿಗಿಂತ ಹೆಚ್ಚು ಮಾಡುವುದು ಸಾವಿನ ಹಾಳೆ. ಸತ್ತವರ ಫೋಟೋ, ಕೆಳಗೆ ನಾಲ್ಕು ಸಾಲು, ಯಾರ ಪರವಾಗಿ ಅಂತ ಹೆಸರು. ಸತ್ತ ದಿನಕ್ಕೊಂದು, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು. ಮನೆಯವರದ್ದು ಬೇರೆ, ನೆರೆಯವರದ್ದು ಬೇರೆ, ಜೊತೆಗೆ ದುಡಿದವರದ್ದು ಬೇರೆ. ಬಾಗಿಲು, ಮರ, ಲೈಟು ಕಂಬ, ಬಲ್ಗೇರಿಯಾದಲ್ಲಿ ಎಲ್ಲಿ ಕಣ್ಣು ಹಾಯಿಸಿದರೂ ಸತ್ತವರೇ ನಮ್ಮನ್ನು ನೋಡುತ್ತಿರುತ್ತಾರೆ. ಅಂಟಿಸಿದ ಹಾಳೆಯನ್ನು ಯಾರೂ ಕೀಳುವುದಿಲ್ಲ. ಹಗೆಯವನೂ ಕೀಳುವುದಿಲ್ಲ. ಮಳೆಗೆ ಬಿಸಿಲಿಗೆ ಅದಾಗಿಯೇ ಉದುರಬೇಕು.

ಕಳೆದ ಸೆಪ್ಟೆಂಬರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯ ಕೊಳಚೆ ಗುಂಡಿಯಲ್ಲಿ ಲ್ಯುಬೆನ್ ಸತ್ತ. ನಲವತ್ತೊಂದು ವರ್ಷದವನು. ಪಂಪು ಕಟ್ಟಿಕೊಂಡಿತ್ತು, ಬಿಡಿಸಲು ಇಳಿದ, ಗ್ಯಾಸ್ ಹೊಡೆಯಿತು. ಮಾಸ್ಕ್ ಕೊಟ್ಟಿದ್ದೆವು, ತಾನೇ ಹಾಕಿಕೊಳ್ಳಲಿಲ್ಲ, ಅವನದೇ ತಪ್ಪು ಅಂತ ಕಾರ್ಖಾನೆಯವರು ಬರೆದುಕೊಟ್ಟರು. ಅವನ ಹೆಂಡತಿ ಯೊನ್ಕಾಗೆ ಗಂಡ ಹೋದ ಸಂಕಟ ಒಂದು ಕಡೆ, ಸತ್ತವನ ಮೇಲೇ ತಪ್ಪು ಹೊರಿಸಿದ ಸಂಕಟ ಇನ್ನೊಂದು ಕಡೆ. "ಅಕ್ಕಾ, ಬೂಟಿನ ಲೇಸ್ ಎರಡು ಸಲ ಕಟ್ಟೋ ಮನುಷ್ಯ ಅವನು. ಮಾಸ್ಕ್ ಇದ್ದಿದ್ರೆ ಹಾಕ್ಕೊಳ್ತಿರಲಿಲ್ವಾ?" ಅಂದಳು ನನ್ನ ಹತ್ತಿರ. ನಲವತ್ತನೇ ದಿನ ಕಳೆದು ಮೂರು ವಾರಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿ ಬರುವವನಿದ್ದ. ಅವನು ಏನು ಬರೆಯುತ್ತಾನೋ ಅದೇ ಕೊನೆ. ಕಣ್ಣಾರೆ ಕಂಡವರು ಬೇಕು ಅಂತ ಮೊದಲೇ ಹೇಳಿ ಕಳಿಸಿದ್ದ.

ನಲವತ್ತನೇ ದಿನದ ಹಾಳೆಯನ್ನು ಯೊನ್ಕಾ ನನ್ನ ಕೈಯಲ್ಲೇ ಮಾಡಿಸಿದಳು. 'ಮಾಸ್ಕ್ ಇಲ್ಲದೆ ಗುಂಡಿಗೆ ಇಳಿದ. ಇಳಿ ಅಂದವನು ಮೇಸ್ತ್ರಿ ಕಮೆನ್.' ಇಷ್ಟು ಬರೆಸಿ ಊರೆಲ್ಲ ಅಂಟಿಸಿದಳು. ಅದರದೇ ಫೋಟೋ ತೆಗೆದು ಫೋರಂಗೂ ಹಾಕಿದಳು.

ಫೋರಂನಲ್ಲಿ ಆದದ್ದು ಬೇರೆ. ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ಹದಿನಾಲ್ಕು ಜನ ಬರೆದರು, ಎಲ್ಲರೂ ಅದೇ ಕಾರ್ಖಾನೆಯವರು. ನಾನು ಅಲ್ಲೇ ಇದ್ದೆ, ಮಾಸ್ಕ್ ಇರಲಿಲ್ಲ ಅಂತ ಒಬ್ಬ. ವರ್ಷದಿಂದ ಕೇಳುತ್ತಿದ್ದೇವೆ, ಕೊಡಲಿಲ್ಲ ಅಂತ ಇನ್ನೊಬ್ಬ. ಒಬ್ಬನನ್ನು ನೋಡಿ ಒಬ್ಬನಿಗೆ ಧೈರ್ಯ ಬಂದಿತ್ತು. ಎದುರಿಗೆ ನಿಲ್ಲಿಸಿ ಕೇಳಿದ್ದರೆ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ.

ಗೋಡೆಯ ಮೇಲಿನದ್ದನ್ನು ಕೀಳಲು ಕಮೆನ್‌ಗೂ ಕೈ ಬರಲಿಲ್ಲ. ಅದಕ್ಕೆ ನೆವ್ಯಾನಾಗೆ ಫೋನ್ ಮಾಡಿದ. "ನನ್ನ ಹೆಸರು ಹಾಕಿದಾರೆ. ಪುರಾವೆ ಏನಿದೆ? ನಿಮ್ಮ ನಿಯಮ ನನಗಿಲ್ವಾ?" ಅಂದ. ನಿಯಮ ಅಂದರೆ ಸಾಕಲ್ಲ ಈ ಮಹಾತಾಯಿಗೆ. ಪುರಾವೆ ಇಲ್ಲದೆ ಒಬ್ಬರ ಹೆಸರು ಹಿಡಿದು ದೂರಬಾರದು. ಹೌದು, ಬರೆದಿದೆ. ಅಳಿಸಿದಳು. ಆ ಒಂದು ಸಾಲು ಬಿಟ್ಟು ಮತ್ತೆ ಹಾಕು ಅಂತ ಯೊನ್ಕಾಗೆ ಒಂದು ಸಂದೇಶ ಕಳಿಸಿ, ಒಲೆಯ ಮೇಲಿದ್ದ ಹುರುಳಿಕಾಯಿ ನೋಡಲು ಹೋದಳು.

ಹಾಳೆಯ ಜೊತೆಗೆ ಅದರ ಕೆಳಗಿನ ಹದಿನಾಲ್ಕೂ ಹೋಯಿತು. ವಾಪಸ್ ಬರುವಂಥದ್ದಲ್ಲ. ನಲವತ್ತನೇ ದಿನ ಅಂತ ಸಮಾಧಿಗೆ ಹೋಗಿದ್ದ ಯೊನ್ಕಾ ಒಂದನ್ನೂ ನೋಡಿರಲಿಲ್ಲ, ನನಗೂ ಒಂದೆರಡು ಬಿಟ್ಟರೆ ಯಾರು ಬರೆದದ್ದು ಅಂತ ನೆನಪಿರಲಿಲ್ಲ.

ಮರುದಿನ ನೆವ್ಯಾನಾ ನನ್ನ ಅಂಗಡಿಗೆ ಬಂದಾಗ ನಾನು ಬಿಡಲಿಲ್ಲ. "ಬೀದಿಯಲ್ಲಿ ಅಂಟಿಸಿದ ಹಾಳೆ ಕೀಳ್ತಿದ್ಯಾ ನೀನು?" ಅಂತ ಕೇಳಿದೆ.

"ಅದು ಬೀದಿ ಕಣೇ. ಇದು ಫೋರಂ."

"ಲ್ಯುಬೆನ್ ಎರಡು ಕಡೇನೂ ಸತ್ತವನೇ ತಾನೆ?"

ಆಗಲೇ ಅವಳಿಗೆ ಹೊಳೆದದ್ದು. ಪರದೆಯ ಮೇಲೆ ಅವಳು ನೋಡಿದ್ದು ಒಂದು ದೂರು, ಒಂದು ಹೆಸರು, ಒಂದು ನಿಯಮ. ಅದು ಸಾವಿನ ಹಾಳೆ ಅಂತ ಅವಳಿಗೆ ತೋಚಿಯೇ ಇರಲಿಲ್ಲ. ಅರವತ್ಮೂರು ವರ್ಷ ಈ ಊರಲ್ಲಿ ಬದುಕಿದವಳಿಗೆ ಹಾಗಾಯಿತಲ್ಲ ಅಂತ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಯಾರ್ಯಾರು ಬರೆದಿದ್ದರು ಅಂತ ಅವಳಿಗೆ ನೆನಪಿತ್ತು. ಒಂದು ವಾರ ಮನೆಮನೆಗೆ ಹೋದಳು. ಅಧಿಕಾರಿ ಬಂದಾಗ ಹೇಳಿ ಅಂತ ಕೇಳಿಕೊಂಡಳು. ನಾನೇನೂ ಬರೆದಿಲ್ಲಕ್ಕಾ ಅಂತ ಒಬ್ಬ. ಕುಡಿದಿದ್ದೆ ಅಂತ ಒಬ್ಬ. ಅಸೆನ್ ಅಂತ, ಲ್ಯುಬೆನ್ ಜೊತೆ ಒಂದೇ ಪಾಳಿಯಲ್ಲಿ ದುಡಿದವನು, ಅವನ ಮನೆಯಲ್ಲಂತೂ ಕೂರಿಸಿ ಕಾಫಿ ಕೊಟ್ಟರು. "ನೀವು ಅಳಿಸಿದ್ದು ಪುಣ್ಯ ಬಂತಕ್ಕಾ, ಬರೆದ ಮೇಲೆ ಹೆದರಿಬಿಟ್ಟಿದ್ದೆ" ಅಂತ ಹೇಳಿ, ಅವನ ಹೆಂಡತಿ ಕೈಯಲ್ಲಿ ಒಂದು ಶೀಶೆ ಮೆಣಸಿನಕಾಯಿ ಗೊಜ್ಜು ಕೊಡಿಸಿದ. ಆ ಶೀಶೆ ತಂದು ನನ್ನ ಕೌಂಟರಿನ ಮೇಲಿಟ್ಟಳು. "ತಿನ್ನೋಕಾಗಲ್ಲ, ನೀನೇ ತಗೋ" ಅಂದಳು. ಆಮೇಲೆ, "ಒಂದು ಸಾವಿನ ಹಾಳೆ ಮಾಡ್ಕೊಡು" ಅಂದಳು.

"ಯಾರು ಸತ್ತರು?"

"ಲ್ಯುಬೆನ್‌ದೇ. ನೆರೆಯವರು ಹಾಕ್ತಾರೆ, ಜೊತೆಗಿದ್ದವರು ಹಾಕ್ತಾರೆ. ನಾನೂ ಹಾಕಬಹುದು ತಾನೆ? ಫೋಟೋ ಜಾಗ ಖಾಲಿ ಬಿಡು. ಅವನ ಮುಖ ಹಾಕೋ ಯೋಗ್ಯತೆ ನನಗಿಲ್ಲ."

ಅವಳು ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. 'ಲ್ಯುಬೆನ್‌ಗೆ. ನಿನ್ನ ಜೊತೆ ದುಡಿದ ಹದಿನಾಲ್ಕು ಜನ ಮಾಸ್ಕ್ ಇರಲಿಲ್ಲ ಎಂದು ಬರೆದಿದ್ದರು. ನಾನು ಓದಿದೆ. ನಾನೇ ಅಳಿಸಿದೆ.' ಕೆಳಗೆ ತನ್ನ ಪೂರ್ತಿ ಹೆಸರು, ಫೋರಂನ ಮಾಡರೇಟರ್ ಅಂತ.

"ಕಮೆನ್ ಸುಮ್ನಿರ್ತಾನಾ?" ಅಂದೆ.

"ಕೀಳಲಿ ನೋಡೋಣ."

ಕಾರ್ಖಾನೆಯ ಗೇಟಿಗೇ ಅಂಟಿಸಿದಳು, ಹಾಡಹಗಲಲ್ಲಿ, ಪಾಳಿ ಬದಲಾಗುವ ಹೊತ್ತಿಗೆ. ಬಂದವರೆಲ್ಲ ನಿಂತು ಓದಿದರು. ಕಮೆನ್ ಬಂದ, ಓದಿದ, ಕಾವಲಿನವನನ್ನು ನೋಡಿದ. ಕಾವಲಿನವನು ಟೋಪಿ ತೆಗೆದು ನಿಂತಿದ್ದ, ಸತ್ತವನ ಹಾಳೆಯಲ್ಲವೇ. ಕಮೆನ್ ಒಳಗೆ ಹೋದ.

ಮೂರನೇ ದಿನ ಅಸೆನ್ ನನ್ನ ಅಂಗಡಿಗೆ ಬಂದ. ಜೊತೆಗೆ ದುಡಿದವರಿಂದ ಒಂದು ಹಾಳೆ ಬೇಕು ಅಂದ. ಅಂಥದ್ದಕ್ಕೆ ಯಾರೂ ಹೆಸರು ಹಾಕಿಸುವುದಿಲ್ಲ, 'ಜೊತೆಗಾರರಿಂದ' ಅಂದರೆ ಮುಗಿಯಿತು. ಇವನು ಹೆಸರು ಹಾಕಿ ಅಂದ. ಮಾಸ್ಕ್ ಇರಲಿಲ್ಲ, ನಾವು ನೋಡಿದ್ದೇವೆ ಅಂತ ಬರೆಸಿ ತನ್ನ ಹೆಸರು ಹಾಕಿಸಿದ. 'ನಾವು' ಅಂದ ಮೇಲೆ ಒಂದೇ ಹೆಸರಾ ಅಂದರೆ, ಸ್ವಲ್ಪ ಜಾಗ ಬಿಡಿ ಅಂದ. ಸಂಜೆಗೆ ಇಬ್ಬರು ಬಂದರು, ಮರುದಿನ ನಾಲ್ವರು, ಆಮೇಲೆ ಇನ್ನೂ ನಾಲ್ವರು. ಪ್ರತಿ ಸಲವೂ ಹೊಸ ಹಾಳೆ ಪ್ರಿಂಟ್ ತೆಗೆದು ಹಳೆಯದರ ಪಕ್ಕದಲ್ಲೇ ಅಂಟಿಸಿದೆವು. ಅಧಿಕಾರಿ ಬಂದ ದಿನಕ್ಕೆ ಗೇಟಿನ ಮೇಲೆ ಹನ್ನೊಂದು ಹೆಸರಿತ್ತು. ಅವನು ಅಲ್ಲೇ ನಿಂತು ಬರೆದುಕೊಂಡ, ಒಬ್ಬೊಬ್ಬರನ್ನೇ ಕರೆಸಿ ಕೇಳಿದ. ನೆವ್ಯಾನಾಳೂ ಹೋಗಿ ತಾನು ಮಾಡಿದ್ದನ್ನು ಹೇಳಿ ಸಹಿ ಹಾಕಿ ಬಂದಳು.

ವರದಿ ಬರಲು ಡಿಸೆಂಬರ್ ಆಯಿತು. ಯೊನ್ಕಾ ಅದನ್ನು ಜೆರಾಕ್ಸ್ ಮಾಡಿಸಲು ತಂದಳು. ಮಾಸ್ಕ್ ಕೊಟ್ಟಿರಲಿಲ್ಲ, ಸತ್ತವನದು ತಪ್ಪಿಲ್ಲ ಅಂತ ಬರೆದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಯೊನ್ಕಾ ಎಷ್ಟೋ ಹೊತ್ತು ಅತ್ತಳು, ಅವಳ ಜೊತೆ ನಾನೂ ಅತ್ತೆ. ಎರಡನೇ ಪುಟದಲ್ಲಿ ಇನ್ನೊಂದು ಸಾಲು: ಸಾಕ್ಷಿಗಳು ಮೊದಲು ಬರೆದದ್ದನ್ನು ಮಾಡರೇಟರ್ ಅಳಿಸಿದ್ದರಿಂದ ಮೂವರು ಮತ್ತೆ ಮುಂದೆ ಬರಲಿಲ್ಲ.

"ಅವಳಿಗೂ ಒಂದು ಪ್ರತಿ ಕೊಡು, ನಾನು ಅವಳ ಮನೆ ಮೆಟ್ಟಿಲು ಹತ್ತಲ್ಲ" ಅಂದಳು ಯೊನ್ಕಾ. "ಆ ಮೂವರು ಯಾರು ಅಂತ ಕೇಳು. ಅವನ ಹೆಣ ಹೊತ್ತವರಲ್ಲಿ ಅವರೂ ಇದ್ದರಾ ಅಂತ ನನಗೆ ಗೊತ್ತಾಗಬೇಕು."

ನೆವ್ಯಾನಾ ಎರಡೂ ಪುಟ ಓದಿದಳು. ತನ್ನ ಬಗ್ಗೆ ಇದ್ದ ಸಾಲನ್ನು ಎರಡು ಸಲ ಓದಿದಳು. ಸರಿಯಾಗೇ ಬರೆದಿದಾರೆ ಅಂದಳು. ನಾನು ಯೊನ್ಕಾಳ ಪ್ರಶ್ನೆ ಕೇಳಿದೆ.

"ಹೇಳಲ್ಲ."

"ಅವಳು ಕೇಳ್ತಿರೋದು ಕಣೇ. ಇಷ್ಟಾದ ಮೇಲೂ?"

"ಮೊದಲ ಸಲ ಅವರನ್ನ ಒಂದು ಮಾತು ಕೇಳದೆ ಅಳಿಸ್ದೆ. ಈಗ ಅವರನ್ನ ಕೇಳದೆ ಹೆಸರು ಹೇಳಲಾ? ಯೊನ್ಕಾ ನನ್ನನ್ನ ಬೈಲಿ. ಆ ಮೂವರು ಬಾಯಿ ಬಿಡಲಿಲ್ಲ ಅಂದ್ರೆ ಅದಕ್ಕೆ ನಾನೇ ಕಾರಣ."

ನಾನು ಹೋಗಿ ಯೊನ್ಕಾಗೆ ಹಾಗೇ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಆರು ತಿಂಗಳ ಹಾಳೆಗೆ ಬೇರೆ ಫೋಟೋ ಕೊಡ್ತೀನಿ, ನಗ್ತಾ ಇರೋದು, ಅಂತಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.