ಎಡಗಾಲ ಗಿಣ್ಣಿನ ಪುರಾಣ

ಇಪ್ಪತ್ತೆಂಟನೆಯ ರೊಟ್ಟಿ ಬಡಿಯುತ್ತಿದ್ದೆ. ಎಷ್ಟನೆಯದೆಂದು ನೆನಪಿರಲು ಕಾರಣವಿದೆ. ಆ ದಿನಗಳಲ್ಲಿ ಇಪ್ಪತ್ತು ದಾಟಿದ ಮೇಲೆ ಒಂದೊಂದು ರೊಟ್ಟಿಗೂ ಒಂದೊಂದು ಸಲ ಶಿವನ ಹೆಸರು ಹಿಡಿಯುತ್ತಿದ್ದೆ. ಭಕ್ತಿ ಅರ್ಧ, ಎಡಗಾಲಿನ ಹೊರಗಿಣ್ಣಿನ ನೋವು ಅರ್ಧ. ಆಗ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, ಮಸ್ಕಿಯಲ್ಲಿ ಚಹಾದಂಗಡಿ ಇಟ್ಟಿರುವ ನನ್ನ ತಮ್ಮನ ಮಾತು ಮುಟ್ಟಿಸಿದ: "ಅಕ್ಕಾರ, ಶುಕ್ರವಾರ ಲಿಂಗಸೂರಿನ ಡಾಕ್ಟರು ಮಸ್ಕಿಗೆ ಬರ್ತಾರಂತ್ರಿ. ನಿಮ್ಮ ತಮ್ಮ ನಿಮ್ಮ ಹೆಸರು ಬರೆಸ್ಯಾನ. ಹನ್ನೊಂದನೇ ನಂಬರ." ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನನಗೆ ಬೇಸರವಾಗಲಿಲ್ಲ.

ಕಾಲುವೆ ಬಂದ ಮೇಲೆ ನಮ್ಮ ಬಳಗಾನೂರಿಗೆ ಏನೆಲ್ಲ ಬಂತು. ನೀರು ಬಂತು, ಭತ್ತ ಬಂತು, ನಾಟಿ ಹಚ್ಚುವ ಆಳುಗಳು ಬಂದರು, ಬಸ್ಸು ಬಂತು, ಸೊಳ್ಳೆಯೂ ಬಂತು. ಡಾಕ್ಟರು ಮಾತ್ರ ಬರಲಿಲ್ಲ. ಸಿಂಧನೂರಿಗೆ ಎರಡು ಸಲ ಹೋಗಿದ್ದೆ. ಒಮ್ಮೆ ಪಾಳಿ ನನ್ನ ತನಕ ಬರುವುದರೊಳಗೆ ಊರಿನ ಕೊನೆಯ ಬಸ್ಸಿನ ಹೊತ್ತಾಯಿತು. ಇನ್ನೊಮ್ಮೆ ನನ್ನ ಮುಂದೆ ಕುಳಿತಿದ್ದ ಬಸುರಿಗೆ ನೋವು ಕಾಣಿಸಿಕೊಂಡು, ಅವಳೊಂದಿಗೆ ಒಳಗೆ ಹೋದ ಡಾಕ್ಟರು ಸಂಜೆಯವರೆಗೂ ಹೊರಬರಲಿಲ್ಲ. ಚೀಟಿ ನನ್ನ ಕೈಯಲ್ಲೇ ಮುದ್ದೆಯಾಯಿತು. ಆದರೂ ಕೂಸಿನ ಮೊದಲ ಅಳು ಕೇಳಿಸಿಕೊಂಡೇ ಬಂದೆ. ಅದೂ ಒಂದು ಪ್ರಸಾದವೇ.

ಬಿದ್ದಿರಲಿಲ್ಲ, ಉಳುಕಿರಲಿಲ್ಲ, ಮುಳ್ಳು ತುಳಿದಿರಲಿಲ್ಲ. ಕಾರಣವಿಲ್ಲದ ನೋವಿಗೆ ಜನ ಕಾರಣ ಕೊಡುತ್ತಾರೆ. ಕಾಲುವೆ ನೀರು ಮೈಗೆ ಹತ್ತಿಲ್ಲ ಎಂದರು, ಅಕ್ಕಿಯನ್ನ ವಾಯು ಎಂದರು. ನನಗೆ ಒಳಗೊಳಗೇ ಬೇರೆ ಅಂಜಿಕೆ. ನಮ್ಮ ಅತ್ತೆಯವರಿಗೂ ನೋವು ಕಾಲಿನಿಂದಲೇ ಶುರುವಾಗಿ, ಮೇಲೇರಿ, ನಾಲ್ಕು ವರ್ಷ ಅವರು ಮಂಚ ಬಿಟ್ಟೇಳಲಿಲ್ಲ. ಅವರ ಬಾಯಿಗೆ ಗಂಜಿ ಹಾಕಿದವಳು ನಾನು. ನನ್ನ ಬಾಯಿಗೆ ಯಾರು ಹಾಕಬೇಕು? ಇದನ್ನು ಮನೆಯವರಿಗೂ ಹೇಳಿರಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಮಾತ್ರ, ಮಂಚ ಒಂದು ಬ್ಯಾಡ ತಂದೆ, ಎನ್ನುತ್ತಿದ್ದೆ.

ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ ಕಾಯಿಸಿ ಕಟ್ಟಿದ್ದಾಯಿತು. ಆಮೇಲೆ ಒದೆಸಿಕೊಂಡದ್ದೂ ಆಯಿತು. ಕಾಲು ಮುಂದಾಗಿ ಹುಟ್ಟಿದವರು ಮೂರು ಮುಂಜಾನೆ ಒದ್ದರೆ ಇಂಥ ನೋವು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಹಾಗೆ ಹುಟ್ಟಿದವಳು ನಮ್ಮ ಮನೆಯಲ್ಲೇ ಇದ್ದಳು, ನಾದಿನಿ ಗಂಗವ್ವ. ಮೊದಲ ದಿನ ಅಂಜುತ್ತ ಬೆರಳು ತಾಗಿಸಿದಳು. ಎರಡನೆಯ ದಿನ ಸೀರೆ ಎತ್ತಿ ಕಟ್ಟಿಯೇ ಬಂದಳು.

"ನಿನ್ನೆ ಮೆತ್ತಗ ಒದ್ದಿದ್ದಕ್ಕ ಗುಣ ಆಗಿಲ್ಲ ಅತ್ತಿಗಿ. ಕಣ್ಣು ಮುಚ್ಚು."

"ಯವ್ವಾ, ಹತ್ತು ವರ್ಷದ ಸಿಟ್ಟೆಲ್ಲ ಕೂಡಿಟ್ಟಿದ್ದಿ ಏನಬೇ?" ಎಂದೆ.

"ಇನ್ನೂ ನಾಳೆ ಒಂದು ದಿನ ಐತಿ" ಎಂದು ನಕ್ಕಳು.

ಶುಕ್ರವಾರ ಮಸ್ಕಿಯಲ್ಲಿ ಹನ್ನೊಂದನೇ ನಂಬರು ನಿಜವಾಗಿಯೂ ಹತ್ತರ ನಂತರವೇ ಬಂತು. ಇಂಥದಕ್ಕೂ ಕೈಮುಗಿಯಬೇಕೆಂದು ಆ ದಿನಗಳು ನನಗೆ ಕಲಿಸಿದ್ದವು. ಡಾಕ್ಟರು ವಯಸ್ಸಾದವರು. ಗಿಣ್ಣು ಒತ್ತಿ, ಹೊರಳಿಸಿ, ಅಲ್ಲಿ ಕಪ್ಪಗೆ ದಡ್ಡುಗಟ್ಟಿದ ಚರ್ಮವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ದಿನಾ ಎಷ್ಟು ರೊಟ್ಟಿ ಮಾಡ್ತೀರವ್ವ?"

"ಆಳು ಬಂದ ದಿನ ಅರವತ್ತು ಆಗ್ತಾವರೀ."

"ಹೆಂಗ ಕೂಡ್ತೀರಿ, ಕೂತು ತೋರಿಸ್ರಿ."

ಎಡಗಾಲು ಮಡಚಿ, ಬಲ ಮೊಣಕಾಲು ಎತ್ತಿ, ಅಷ್ಟು ಜನರ ಮುಂದೆ ನೆಲದ ಮೇಲೆ ಕುಳಿತು ಬರಿಗೈಯಲ್ಲಿ ರೊಟ್ಟಿ ಬಡಿದೆ. ಪಾಳಿಯಲ್ಲಿದ್ದ ಒಬ್ಬ ಮುದುಕಿ, "ನನಗೂ ಎರಡು ಹಾಕಬೇ, ಮುಂಜಾನಿಂದ ಉಂಡಿಲ್ಲ" ಎಂದಳು. ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ.

"ಮನ್ಯಾಗ ನೆಲ ಎಂಥಾದ್ದು?"

"ಪರಸಿ ಕಲ್ಲುರೀ" ಎಂದೆ. ದನಿಯಲ್ಲಿ ಜಂಬ ಇತ್ತು, ಸುಳ್ಳೇಕೆ ಹೇಳಲಿ. "ನಮ್ಮ ಓಣ್ಯಾಗ ನಮ್ಮದೇ ಮೊದಲು."

"ಹಾಕಿಸಿ ಎಷ್ಟು ದಿನ ಆತು?"

"ಹೋದ ಸುಗ್ಗಿ ಆದ ಮ್ಯಾಲ..." ಎಂದವಳ ಬಾಯಿ ಅಲ್ಲೇ ನಿಂತಿತು. ನೋವು ಶುರುವಾದದ್ದೂ ಆಗಲೇ. ಎರಡು ಬೆಳೆ ಭತ್ತ ಕೈಹಿಡಿದಾಗ ಮನೆಯವರು ಅಡುಗೆಮನೆಯ ಸಗಣಿ ಸಾರಿಸಿದ ಮಣ್ಣು ನೆಲ ಕಿತ್ತಿಸಿ ಕಲ್ಲು ಹಾಕಿಸಿದ್ದರು. ಮೊದಲ ದಿನವೇ ಗಂಗವ್ವ ಕೂಡಲು ಗೋಣಿಚೀಲ ತಂದಿದ್ದಳು. "ಚೀಲ ಹಾಸಾಕ ಇಷ್ಟು ಚಂದದ ನೆಲ ಯಾಕ ಬೇಕಿತ್ತು?" ಎಂದು ಅದನ್ನು ಹಿಂದಕ್ಕೆ ಕಳಿಸಿದವಳು ನಾನೇ.

"ಎಲುಬು ಗಟ್ಟಿ ಐತಿ. ಕಾಲಿಗೇನೂ ಆಗಿಲ್ಲ" ಎಂದರು ಡಾಕ್ಟರು. "ಒಂದು ಚೀಲ ಮಡಚಿ ಹಾಕ್ಕೊಂಡು ಕೂಡ್ರಿ. ಹದಿನೈದು ದಿನ ನೋಡ್ರಿ."

ಬಸ್ಸಿನಲ್ಲಿ ಕುಳಿತು ಸೆರಗು ಮುಚ್ಚಿಕೊಂಡು ಅತ್ತುಬಿಟ್ಟೆ. ಅತ್ತೆಯವರ ಮಂಚ ನನ್ನ ಕಣ್ಣ ಮುಂದಿನಿಂದ ಎದ್ದು ಹೋಗಿತ್ತು. ಆಮೇಲೆ ನಗು ಬಂತು. ಪಾದಪೂಜೆ ಮಾಡಿ ಪಾದೋದಕ ತೆಗೆದುಕೊಳ್ಳುವ ಮನೆತನ ನಮ್ಮದು. ಮನೆಗೆ ಬಂದ ಜಂಗಮರ ಕಾಲು ತೊಳೆದಿದ್ದೇನೆ, ಅತ್ತೆ ಮಾವಂದಿರ ಕಾಲು ಒತ್ತಿದ್ದೇನೆ, ಮಕ್ಕಳ ಕಾಲಿನ ಮುಳ್ಳು ತೆಗೆದಿದ್ದೇನೆ. ನನ್ನ ಕಾಲು ಎಲ್ಲಿ ಊರಿದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಗಂಗವ್ವ ಎಲ್ಲ ಕೇಳಿ, "ಗುಣ ಆಗೋದು ನಾನು ಒದ್ದದ್ದಕ್ಕ. ಡಾಕ್ಟರು ಬರೇ ಚೀಲ ಹೇಳ್ಯಾರ" ಎಂದಳು. ಇರಲಿ, ಪುಣ್ಯದಲ್ಲಿ ಅವಳಿಗೂ ಪಾಲು. ಅಟ್ಟದಿಂದ ಒಂದು ಭತ್ತದ ಚೀಲ ಇಳಿಸಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಹಾಸಿಕೊಟ್ಟಳು. ಓಣಿಯವರು ನೆಲ ನೋಡಲು ಬಂದರೆ ಈಗಲೂ ಅದನ್ನು ಸರಿಸಿ ತೋರಿಸುತ್ತೇನೆ. ಶಿವ ಅಷ್ಟನ್ನು ಮನ್ನಿಸಿಯಾನು. ಆ ಸಂಜೆ ಮಾತ್ರ ಯಾರೂ ಬರಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಚೀಲದ ಮೇಲೆ ಎಡಗಾಲು ಮಡಚಿ ಕುಳಿತು, ಹಿಟ್ಟಿಗೆ ಬಿಸಿನೀರು ಹೊಯ್ದು ನಾದತೊಡಗಿದೆ.