ಗಾಳಿ ಉರುಳಿಸಿ ತಂದ ಟಾಕಿ

ಮದುವೆಯಾಗಿ ಸಾಲೋಟಗಿ ಹತ್ತಿರದ ಹೊಲದ ಮನೆಗೆ ಬಂದ ಮೊದಲ ಬೇಸಿಗೆ ಅದು. ಮನೆ ರಸ್ತೆಗೆ ಹತ್ತಿಕೊಂಡೇ ಇತ್ತು. ತಗ್ಗಿನಲ್ಲಿ ಲಾರಿ, ಟ್ರ್ಯಾಕ್ಟರು ಜಿಗಿದಾಗ ಏನಾದರೊಂದು ಬೀಳುತ್ತಿತ್ತು. ಹಗ್ಗ, ಕಬ್ಬು, ಒಮ್ಮೆ ಹೊಚ್ಚ ಹೊಸ ಸಲಿಕೆ. ನಮ್ಮ ಅತ್ತೆ ಅವನ್ನು ಹೋಗಿಬರುವವರಿಗೆ ಕಾಣುವಂತೆ ಬೇವಿನ ಗಿಡಕ್ಕೆ ಒರಗಿಸಿಡುತ್ತಿದ್ದರು. ಯಾರೂ ಕೇಳಿಕೊಂಡು ಬಾರದಿದ್ದರೆ ಮಳೆಗಾಲಕ್ಕೆ ಒಳಗೆ ತರುತ್ತಿದ್ದರು.

ಆ ಮಧ್ಯಾಹ್ನ ಗಾಳಿ ವಿಪರೀತ ಬೀಸುತ್ತಿತ್ತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ರಸ್ತೆಯಲ್ಲಿ ಏನೋ ಧಡ್ ಎಂದಿತು. ತಲೆಯೆತ್ತಿದರೆ ಆಳೆತ್ತರದ ಕರಿಯದೊಂದು ಖಾಲಿ ಹೊಲದಲ್ಲಿ ಉರುಳುತ್ತ ನಮ್ಮ ಕಡೆಗೇ ಬರುತ್ತಿತ್ತು. ಗಾಳಿ ನಿಂತರೆ ನಿಲ್ಲುತ್ತಿತ್ತು, ಬೀಸಿದರೆ ಮತ್ತೆ ಹೊರಡುತ್ತಿತ್ತು. ಎತ್ತು ಗೂಟ ಕಿತ್ತುಕೊಂಡು ಓಡಿತು. ನನಗೆ ಓಡಬೇಕೆಂಬುದೂ ಹೊಳೆಯಲಿಲ್ಲ. ಅದು ಮುಳ್ಳುಬೇಲಿಗೆ ತಾಗಿ ನಿಂತಾಗ, ಬೀಳಿಸಿಹೋದ ಲಾರಿಯ ಧೂಳಷ್ಟೇ ದೂರದಲ್ಲಿ ಕಾಣುತ್ತಿತ್ತು.

ನೀರು ತುಂಬಿಡುವ ಪ್ಲಾಸ್ಟಿಕ್ ಟಾಕಿ. ಬಿಜಾಪುರದ ಮಾಳಿಗೆಗಳ ಮೇಲೆ ಅಂಥವನ್ನು ಬಸ್ಸಿನಿಂದ ನೋಡಿದ್ದೆ. ಅಲ್ಲಿ ಕೊಡದಷ್ಟು ಕಂಡದ್ದು ಇಲ್ಲಿ ನಮ್ಮ ಅಡುಗೆಮನೆಯಷ್ಟಿತ್ತು. ಅತ್ತೆ ಅದರ ಮೈ ಸವರಿ, ಮುಚ್ಚಳ ತಿರುವಿ, ಒಳಗೆ ತಲೆ ಹಾಕಿ ಮೆಲ್ಲಗೆ "ಯವ್ವಾ" ಎಂದರು. ಮರಳಿ ಬಂದ ದನಿ ಆಳವಾದ ಬಾವಿಯಿಂದ ಎದ್ದಂತಿತ್ತು. ತಲೆ ಹೊರತೆಗೆದು ನನ್ನನ್ನೇ ನೋಡಿದರು.

"ಒಳಗ ಯಾರೋ ದೊಡ್ಡಾಕಿ ಅದಾಳ, ನೀನೂ ಕರದು ನೋಡು ತಂಗಿ."

ನಾನೂ ಕರೆದೆ. ಅದೇ ದನಿ ನನಗೂ ಓಗೊಟ್ಟಿತು.

ಸಂಜೆ ನನ್ನ ಗಂಡ ಅದನ್ನು ನಿಲ್ಲಿಸಿ, ಹಾರಿಹೋಗದಂತೆ ಬೇವಿಗೆ ಹಗ್ಗ ಬಿಗಿದರು. ಅತ್ತೆ ಸಿಂದಗಿ ಬಸ್ಸಿನ ಕಂಡಕ್ಟರನಿಗೆ, ಟಾಕಿ ಕಳಕೊಂಡವರು ಸಿಕ್ಕರೆ ಕಳಿಸೆಂದು ಹೇಳಿದರು. ಅವನು ಸ್ಟಾಪು ಸ್ಟಾಪಿಗೂ ಸುದ್ದಿ ಹಬ್ಬಿಸಿದ. ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

ಅಮಾವಾಸ್ಯೆ ಕಳೆದ ಮೇಲೆ ಸಿಂದಗಿಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಅದೇ ಬಸ್ಸಿನಿಂದ ಇಳಿದರು. ಟಾಕಿ ತಮ್ಮದೇ ಎಂದು ಗುರುತು ಹಿಡಿದರು. ಸುತ್ತಲೂ ಕೈಯಾಡಿಸುತ್ತ ಬಂದವರಿಗೆ ಬುಡದಲ್ಲಿ ಗೇಣುದ್ದದ ಸೀಳು ಸಿಕ್ಕಿತು. ಅಷ್ಟರಲ್ಲಿ ಅವರ ಮಾಳಿಗೆಗೆ ಬೇರೆ ಟಾಕಿ ಏರಿಯೂ ಆಗಿತ್ತು.

"ಸೀಳಿದ್ದು ಒಯ್ದು ಏನ್ ಮಾಡ್ಲಿ ಅವ್ವಾ, ನೀವ ಇಟ್ಕೋರಿ," ಎಂದರು.

"ನೀರ ನಿಲ್ಲಂಗಿಲ್ಲ ಖರೆ. ಜೋಳ ನಿಲ್ತಾವಲ್ಲ," ಎಂದರು ಅತ್ತೆ. ಅವರನ್ನು ಕೂರಿಸಿ ರೊಟ್ಟಿ, ಮಜ್ಜಿಗೆ ಕೊಟ್ಟು ಮುಂದಿನ ಬಸ್ಸಿಗೆ ಕಳಿಸಿದರು.

ಆವರೆಗೆ ನಮ್ಮ ಜೋಳದ ಚೀಲಗಳನ್ನು ಇಲಿಗಳು ಬಿಡುತ್ತಿರಲಿಲ್ಲ. ನನ್ನ ಗಂಡ ಸೀಳಿಗೆ ಡಾಂಬರು ಕಾಸಿ ಮೆತ್ತಿ, ಟಾಕಿಯನ್ನು ತಗಡಿನ ಚಪ್ಪರದಡಿ ಕಲ್ಲುಗಳ ಮೇಲೆ ಕೂರಿಸಿದರು. ಅವರು ಏಣಿ ಹತ್ತಿ ಚೀಲದ ಬಾಯಿ ಬಿಚ್ಚಿ ಸುರಿಯತೊಡಗಿದಾಗ ಅತ್ತೆ ನನ್ನ ಅಂಗೈಯನ್ನು ಅದರ ಮೈಗೆ ಒತ್ತಿ ಹಿಡಿದರು. ಒಳಗೆ ಜೋಳ ಬೀಳುವುದು ಕೈಗೆ ತಿಳಿಯುತ್ತಿತ್ತು. ಸಾವಿರ ಕಾಲಿನದೇನೋ ಓಡಾಡಿದಂತೆ ಇಡೀ ಟಾಕಿ ನಡುಗುತ್ತಿತ್ತು. ತುಂಬಿದಷ್ಟೂ ನಡುಕ ಮೇಲೇರಿತು, ಅದರೊಡನೆ ನಮ್ಮಿಬ್ಬರ ಕೈಗಳೂ. ಕೊನೆಗೆ ನಾವು ತುದಿಗಾಲಲ್ಲಿ ನಿಂತಿದ್ದೆವು.